ನಮ್ಮ ಬೀದಿಯ ಕೊನೆಯ ಗೋಡೆ ಒಡೆಯುವ ಮೊದಲು: ಪುರಸಭೆಗೆ ಒಂದು ಬಹಿರಂಗ ಪತ್ರ

ಪುರಸಭೆಯ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಎಲ್ಲ ವಾರ್ಡುಗಳ ಸದಸ್ಯರಿಗೆ ಮತ್ತು ಮುಖ್ಯಾಧಿಕಾರಿಗಳಿಗೆ,

ನಮಸ್ಕಾರ.

ಕಳೆದ ಸಾಮಾನ್ಯ ಸಭೆಯಲ್ಲಿ ನಮ್ಮ ಬಡಾವಣೆಯ ರಸ್ತೆಯನ್ನು ಪಕ್ಕದ ಹೊಸ ಬಡಾವಣೆಯ ರಸ್ತೆಗೆ ಕೂಡಿಸುವ ಬಗ್ಗೆ ಸುಮಾರು ಮುಕ್ಕಾಲು ಗಂಟೆ ಚರ್ಚೆಯಾಯಿತು. ನಾನು ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿಸಿಕೊಂಡೆ. 30 ಸೈಟಿನ ಒಂದು ಪುಟ್ಟ ಬಡಾವಣೆಗೆ ನೀವು ಅಷ್ಟು ಹೊತ್ತು ಕೊಟ್ಟಿರಿ. ಅದಕ್ಕೆ ನಮ್ಮ ಬೀದಿಯವರೆಲ್ಲರ ಧನ್ಯವಾದ. ವಿಷಯ ಈಗ ಮುಂದಿನ ಸಭೆಗೆ ಹೋಗಿದೆ. ಸಭೆಯಲ್ಲಿ ನಮ್ಮಂಥವರು ಎದ್ದು ನಿಂತು ಮಾತಾಡುವ ಹಾಗಿಲ್ಲ. ಅದಕ್ಕೇ ಈ ಪತ್ರ. ಊರಿನ ಉಳಿದವರೂ ಇದನ್ನು ಓದಲಿ ಅನ್ನುವುದು ನನ್ನ ಆಸೆ. ಇಂಥ ಪುಟ್ಟ ಬಡಾವಣೆಗಳು ನಮ್ಮೂರಿನ ಸುತ್ತ ಈಗ ಬೇಕಾದಷ್ಟಿವೆ. ಒಂದಕ್ಕೊಂದು ಜೋಡಿಸುವ ಮಾತು ಎಲ್ಲರ ಬೀದಿಗೂ ಬರುತ್ತದೆ.

ನಮ್ಮ ರಸ್ತೆ ನೋಡದ ಸದಸ್ಯರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಹಳೇ ಬಸ್ ನಿಲ್ದಾಣದ ರಸ್ತೆಯಿಂದ ಒಳಗೆ ತಿರುಗಿದರೆ ನೇರ 140 ಮೀಟರ್. ಒಂದು ಕಡೆಯ ಸೈಟಿನ ಅಂಚಿನಿಂದ ಇನ್ನೊಂದು ಕಡೆಯ ಅಂಚಿಗೆ 9 ಮೀಟರ್, ಅಂದರೆ ಮೂವತ್ತು ಅಡಿ. ಎರಡೂ ಬದಿ ಹದಿನೈದು ಹದಿನೈದು ಸೈಟು. ಬದಿಯಲ್ಲಿ ಹನ್ನೊಂದು ಹೊಂಗೆ ಮರಗಳಿವೆ. ಮೊದಲು ಮನೆ ಕಟ್ಟಿದವರು ಟ್ರೀ ಗಾರ್ಡ್ ಕೂಡ ಇಲ್ಲದೆ ಮುಳ್ಳು ಕಟ್ಟಿ ಬೆಳೆಸಿದ ಮರಗಳು ಅವು. ರಸ್ತೆಯ ಕೊನೆಯಲ್ಲಿ ಕಲ್ಲು ಚಪ್ಪಡಿಯ ಗೋಡೆ. ಅದರಾಚೆ ಮೊದಲು ರಾಗಿ ಹೊಲ ಇತ್ತು, ಹೊಲದಾಚೆ ಕೆರೆ. ಈಗ ಹೊಲದ ಜಾಗದಲ್ಲಿ ಹೊಸ ಬಡಾವಣೆ ಏಳುತ್ತಿದೆ. ಅದರ ರಸ್ತೆ ಸುಮಾರು 300 ಮೀಟರ್ ಹೋಗಿ ಬೈಪಾಸ್ ಸೇರುತ್ತದೆ.

ನಿಮ್ಮ ಮುಂದಿರುವ ಪ್ರಸ್ತಾವ ಹೀಗಿದೆ. ಗೋಡೆ ಒಡೆದು ಎರಡು ರಸ್ತೆ ಕೂಡಿಸುವುದು. ನಮ್ಮ ಬೀದಿಗೆ ಈ ಕಾಂಪೌಂಡಿನಿಂದ ಆ ಕಾಂಪೌಂಡಿನವರೆಗೆ ಸಿಸಿ ರಸ್ತೆ, ಅಂದರೆ ಕಾಂಕ್ರೀಟ್ ರಸ್ತೆ, ಹಾಕುವುದು. ಅದಕ್ಕೆ ಅಡ್ಡ ಬರುವ ಮರಗಳನ್ನು ತೆಗೆಯುವುದು.

ಸಭೆಯಲ್ಲಿ ಒಬ್ಬ ಸದಸ್ಯರು ಒಂದು ಮಾತು ಹೇಳಿದರು. ರಸ್ತೆ ಅಂದ ಮೇಲೆ ಅದು ಎಲ್ಲರದ್ದು, ಅಲ್ಲಿ ಮನೆ ಇರುವವರ ಸ್ವಂತ ಆಸ್ತಿಯಲ್ಲ ಅಂತ. ಅವರ ಮಾತು ಸರಿ. ನಮ್ಮ ಬಡಾವಣೆಗೆ ಒಪ್ಪಿಗೆ ಸಿಕ್ಕಿದ್ದೇ ರಸ್ತೆ, ಪಾರ್ಕು ಎಲ್ಲ ಪುರಸಭೆಗೆ ಬಿಟ್ಟುಕೊಡುವ ಷರತ್ತಿನ ಮೇಲೆ. ನಾವು ಯಾರೂ ಅದನ್ನು ಮರೆತಿಲ್ಲ. ಗೋಡೆಯ ಆಚೆ ಸೈಟು ತಗೊಂಡವರೂ ನಮ್ಮ ಹಾಗೆಯೇ ಬ್ಯಾಂಕಿನಲ್ಲಿ ಸಾಲ ಮಾಡಿದವರು. ಅವರ ಮಕ್ಕಳು ಶಾಲೆಗೆ ಬೈಪಾಸ್ ಬದಿಯಲ್ಲಿ, ಲಾರಿಗಳ ಪಕ್ಕದಲ್ಲಿ ನಡೆದು ಸುತ್ತಿಕೊಂಡು ಬರಲಿ ಅಂತ ನಮ್ಮಲ್ಲಿ ಯಾರಾದರೂ ಬಯಸಿದರೆ ಅದು ತಪ್ಪು. ದಾರಿ ಬೇಕು. ಆ ದಾರಿ ಹೇಗಿರಬೇಕು ಅನ್ನುವುದರ ಬಗ್ಗೆ ಮಾತ್ರ ನನ್ನ ಮನವಿ.

ಮೊದಲು ನೀರಿನ ವಿಷಯ. ಮುಕ್ಕಾಲು ಗಂಟೆಯ ಚರ್ಚೆಯಲ್ಲಿ ನೀರಿನ ಮಾತು ಒಂದೇ ಒಂದು ಸಲ ಬಂತು, ಅದೂ ಕುಡಿಯುವ ನೀರಿನ ಪೈಪಿನ ವಿಷಯಕ್ಕೆ. ಮಳೆ ನೀರಿನ ಸುದ್ದಿಯೇ ಬರಲಿಲ್ಲ.

ನಮ್ಮ ಬೀದಿ ಬಸ್ ನಿಲ್ದಾಣದ ರಸ್ತೆಯಿಂದ ಗೋಡೆಯ ಕಡೆಗೆ ಇಳಿಜಾರು. ಕೆರೆ ಆ ಕಡೆ ಇರುವುದರಿಂದ ನೆಲವೇ ಹಾಗಿದೆ. ಮೊದಲು ಮಳೆ ಬಂದರೆ ನೀರು ಬೀದಿಯಲ್ಲಿ ಹರಿದು, ಗೋಡೆಯ ಬುಡದಲ್ಲಿದ್ದ ಕಿಂಡಿಯಿಂದ ಹೊಲಕ್ಕೆ ಬಿದ್ದು, ಬದುವಿನ ಕಾಲುವೆ ಹಿಡಿದು ಕೆರೆ ಸೇರುತ್ತಿತ್ತು. ಹೊಸ ಬಡಾವಣೆಗೆ ಲೋಡುಗಟ್ಟಲೆ ಮಣ್ಣು ತುಂಬಿ ನೆಲ ಎತ್ತರಿಸಿದರು. ಕಿಂಡಿ ಮುಚ್ಚಿಹೋಯಿತು. ಈಗ ಗೋಡೆಯ ಆಚೆಯ ನೆಲ ನಮ್ಮ ರಸ್ತೆಗಿಂತ ಮೇಲಿದೆ. ಗೋಡೆ ಒಡೆದು ಇದೇ ಮಟ್ಟದಲ್ಲಿ ಎರಡು ರಸ್ತೆ ಕೂಡಿಸಿದರೆ ಏನಾಗುತ್ತದೆ? ಈ ಕಡೆಯಿಂದ ನಮ್ಮ ನೀರು ಇಳಿಯುತ್ತದೆ, ಆ ಕಡೆಯಿಂದ ಅವರ ನೀರು ಇಳಿಯುತ್ತದೆ. ಎರಡೂ ಬಂದು ನಿಲ್ಲುವುದು ನಮ್ಮ ಬೀದಿಯ ಕೊನೆಯ ನಾಲ್ಕು ಮನೆಗಳ ಗೇಟಿನ ಮುಂದೆ.

ಆ ನಾಲ್ಕರಲ್ಲಿ ನಮ್ಮದೂ ಒಂದು. ಹಾಗಾಗಿ ಇದನ್ನು ನಾನು ಊಹೆ ಮಾಡಿ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ, ಕಿಂಡಿ ಮುಚ್ಚಿದ ಮೊದಲ ಮಳೆಗಾಲದಲ್ಲಿ, ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಎದ್ದು ಮೋಟರ್ ಹಾಕಿದೆ. ಅಡುಗೆಮನೆಯ ನಲ್ಲಿಯಲ್ಲಿ ಬಂದ ನೀರು ವಾಸನೆ ಹೊಡೆಯುತ್ತಿತ್ತು. ರಸ್ತೆಯ ನೀರು, ಚರಂಡಿಯ ನೀರು ಎಲ್ಲ ಸಂಪಿನೊಳಗೆ ಹೋಗಿತ್ತು. ಅಷ್ಟು ಹೊತ್ತಿಗೆ ನಮ್ಮ ಅತ್ತೆ ಎಂದಿನಂತೆ ಬೇಗ ಎದ್ದು, ಟ್ಯಾಂಕಿಗೆ ಆಗಲೇ ಏರಿದ್ದ ಅದೇ ನೀರಿನಲ್ಲಿ ಬಾಯಿ ಮುಕ್ಕಳಿಸಿ ಎರಡು ಲೋಟ ಕುಡಿದಿದ್ದರು. ಅವರಿಗೆ ಆಗ 78 ವರ್ಷ. ವಾಂತಿ ಭೇದಿಯಾಗಿ ಮೂರು ದಿನ ಡ್ರಿಪ್ಸ್ ಹಾಕಿಸಬೇಕಾಯಿತು. ಸಂಪು ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪುಡಿ ಹಾಕಿ ಮತ್ತೆ ತೊಳೆದೆವು. ಅತ್ತೆ ಚೇತರಿಸಿಕೊಂಡರು. ಆದರೆ ಇವತ್ತಿಗೂ ಮಳೆ ಬಂದ ರಾತ್ರಿ ನಾನು ಎದ್ದು ಟಾರ್ಚ್ ಹಿಡಿದು ಸಂಪಿನ ಮುಚ್ಚಳ ನೋಡಿ ಬಂದೇ ಮಲಗುವುದು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಾವು ಮನೆ ಕಟ್ಟಿದಾಗ ರಸ್ತೆಯಿಂದ ಗೇಟಿಗೆ ಎರಡು ಮೆಟ್ಟಿಲು ಹತ್ತಬೇಕಿತ್ತು. ಆಮೇಲೆ ಮಣ್ಣು ರಸ್ತೆಗೆ ಜಲ್ಲಿ ಹಾಕಿ ಡಾಂಬರು ಹಾಕಿದರು. ಕೆಲವು ವರ್ಷ ಬಿಟ್ಟು ಅದರ ಮೇಲೆ ಇನ್ನೊಂದು ಪದರ. ಮತ್ತೆ ಇನ್ನೊಂದು. ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಹೋದರು. ಈಗ ಮೆಟ್ಟಿಲು ಒಂದೂ ಇಲ್ಲ. ಮೇಲಿನ ಮೆಟ್ಟಿಲು ರಸ್ತೆಯ ಸಮಕ್ಕೆ ಬಂದಿದೆ. ಈಗ ಅದರ ಮೇಲೆ ಕಾಂಕ್ರೀಟು ಬಂದರೆ ರಸ್ತೆ ನಮ್ಮ ಗೇಟಿಗಿಂತ ಮೇಲಾಗುತ್ತದೆ. ಹಳೇ ಊರಿನ ಎಷ್ಟೋ ಬೀದಿಗಳಲ್ಲಿ ಮನೆಯೊಳಗೆ ಇಳಿದು ಹೋಗಬೇಕಾದ ಸ್ಥಿತಿ ಬಂದಿರುವುದು ಹೀಗೆಯೇ ಅಲ್ವಾ? ಮನೆಯನ್ನು ಎತ್ತಿ ಕೂರಿಸಲು ಆಗುವುದಿಲ್ಲ. ರಸ್ತೆಯನ್ನು ಅಗೆದು ಇಳಿಸಲು ಆಗುತ್ತದೆ.

ಕಟ್ಟಡ, ಬಡಾವಣೆ ಹೇಗಿರಬೇಕು ಅಂತ ಹೇಳುವ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದು ತುದಿ ಮುಚ್ಚಿದ ರಸ್ತೆಗಳ ಬಗ್ಗೆ ಒಂದು ಷರತ್ತಿದೆ. 150 ಮೀಟರಿನಿಂದ 275 ಮೀಟರಿನವರೆಗಿನ ಅಂಥ ರಸ್ತೆಯನ್ನು ವಾಸದ ಬಡಾವಣೆಯಲ್ಲಿ ಮಾತ್ರ ಬಿಡಬಹುದು, ರಸ್ತೆ ನೇರವಾಗಿರಬೇಕು, ಮುಚ್ಚಿದ ತುದಿ ಶುರುವಿಗಿಂತ ಎತ್ತರದಲ್ಲಿರಬೇಕು ಅಂತ. ಎತ್ತರ ಯಾಕೆ ಅಂತ ವಿವರಿಸಬೇಕಾಗಿಲ್ಲ. ತುದಿಯಲ್ಲಿ ಬಿದ್ದ ನೀರು ಹೊರಗೆ ಹರಿದು ಹೋಗಲಿ ಅಂತ. ನಮ್ಮ ರಸ್ತೆ 140 ಮೀಟರ್, ಆ ಲೆಕ್ಕಕ್ಕೆ ಹತ್ತು ಮೀಟರ್ ಕಡಿಮೆ. ಆದರೆ ನೀರಿಗೆ ಆ ಹತ್ತು ಮೀಟರಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊಲ ಇರುವವರೆಗೆ ನಡೆಯಿತು. ಹೊಲ ಹೋದ ಮೇಲೆ ಆ ಷರತ್ತಿನ ಬೆಲೆ ನಮಗೆ ತಿಳಿಯಿತು.

ಒಂದು ಲೆಕ್ಕ ಮಾಡಿ ನೋಡೋಣ. 140 ಮೀಟರ್ ಉದ್ದ, 9 ಮೀಟರ್ ಅಗಲ. ಒಟ್ಟು 1,260 ಚದರ ಮೀಟರ್. ಇಷ್ಟೂ ಜಾಗಕ್ಕೆ ಕಾಂಕ್ರೀಟು ಮುಚ್ಚಿ, ಒಂದು ಸಂಜೆ 50 ಮಿಲಿಮೀಟರ್ ಮಳೆ ಬಂದರೆ ರಸ್ತೆಯ ಮೇಲೆ ಬೀಳುವ ನೀರೇ 63,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಕ್ಕೂ ಜಾಸ್ತಿ ಟ್ಯಾಂಕರ್. ಮನೆಗಳ ತಾರಸಿಯಿಂದ ಬರುವ ನೀರು ಇದರಲ್ಲಿ ಸೇರಿಲ್ಲ. ಗೋಡೆಯಾಚೆಯ ನೀರೂ ಸೇರಿಲ್ಲ. ಈಗ ಮರದ ಬುಡದ ಮಣ್ಣಿನಲ್ಲಿ, ಬದಿಯ ಹುಲ್ಲಿನಲ್ಲಿ ಸ್ವಲ್ಪವಾದರೂ ಇಂಗುತ್ತದೆ. ಕಾಂಪೌಂಡಿನವರೆಗೆ ಕಾಂಕ್ರೀಟ್ ಮಾಡಿದರೆ ಒಂದು ಹನಿಯೂ ಇಂಗುವುದಿಲ್ಲ. ಚರಂಡಿಗೆ ಎಷ್ಟು ಅಗಲ, ಅದು ಎಲ್ಲಿಗೆ ಹೋಗಿ ಬೀಳುತ್ತದೆ ಅನ್ನುವುದು ಆ ದಿನ ಓದಿದ ಎಸ್ಟಿಮೇಟಿನಲ್ಲಿ ಇರಲಿಲ್ಲ. ಎರಡೂ ಬದಿ ಚರಂಡಿ ಅಂತ ಒಂದು ಸಾಲು ಮಾತ್ರ ಇತ್ತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಲ್ಲಿ ಮನೆಗಳ ಹಿಂದೆ ಕೊಳೆ ಸಾಗಿಸಲು ಕನ್ಸರ್ವೆನ್ಸಿ ಲೇನ್ ಅಂತ ಸಣ್ಣ ಗಲ್ಲಿ ಬಿಟ್ಟಿದ್ದರು. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಶುರುವಾಯಿತು. ಗಾಳಿ, ಬೆಳಕು, ಕೊಳೆ ನೀರು ಹೋಗುವ ದಾರಿ, ಇವನ್ನು ಮೊದಲು ಇಟ್ಟುಕೊಂಡು ಬಡಾವಣೆಯ ನಕ್ಷೆ ಬರೆದ ಕಾಲ ಅದು. ನಮ್ಮ ನಾಡಿನಲ್ಲೇ ಆಗಿದ್ದ ಕೆಲಸ. ನಮ್ಮೂರಿಗೆ ಅದು ದೊಡ್ಡ ಮಾತೇನಲ್ಲ.

ಇನ್ನು ವಾಹನದ ವಿಷಯ. ಈಗ ನಮ್ಮ ಬೀದಿಗೆ ಬರುವುದು ನಮ್ಮ ವಾಹನ, ಹಾಲಿನವರು, ಗ್ಯಾಸ್ ಗಾಡಿ, ಕಸದ ಆಟೋ, ಶಾಲೆಯ ವ್ಯಾನು, ತರಕಾರಿಯ ತಳ್ಳುಗಾಡಿ. ಗೋಡೆ ಒಡೆದ ದಿನದಿಂದ ಇದು ಬೈಪಾಸಿಗೆ ಅಡ್ಡದಾರಿ. ಮುಖ್ಯ ವೃತ್ತದ ಗದ್ದಲ ತಪ್ಪಿಸಿಕೊಳ್ಳಲು ಎಲ್ಲರೂ ಇಲ್ಲಿಂದಲೇ ನುಗ್ಗುತ್ತಾರೆ. ಸಭೆಯಲ್ಲಿ ಇದನ್ನೇ ಲಾಭ ಅಂತ ಹೇಳಿದರು. ವೃತ್ತದ ಹೊರೆ ಕಡಿಮೆಯಾಗುತ್ತದೆ ಅಂತ. ಆ ಹೊರೆ ಹೊರುವ ಶಕ್ತಿ ಈ ರಸ್ತೆಗೆ ಇದೆಯಾ ಅಂತ ಯಾರೂ ಕೇಳಲಿಲ್ಲ. ಅದೇ ಕಟ್ಟಡ ಸಂಹಿತೆಯಲ್ಲಿ ರಸ್ತೆಯ ಉದ್ದಕ್ಕೂ ಅಗಲಕ್ಕೂ ಒಂದು ಪಟ್ಟಿ ಇದೆ. ವಾಸದ ಸೈಟುಗಳಿಗೆ ಹೋಗುವ ರಸ್ತೆ 250 ಮೀಟರಿನವರೆಗೆ ಇದ್ದರೆ 9 ಮೀಟರ್ ಅಗಲ ಸಾಕು. 400 ಮೀಟರಿನವರೆಗೆ 12 ಮೀಟರ್ ಬೇಕು. ಅದಕ್ಕಿಂತ ಉದ್ದವಾದರೆ 18 ಮೀಟರ್. ಎರಡು ಬಡಾವಣೆ ಕೂಡಿಸಿದರೆ ಒಟ್ಟು ಉದ್ದ 440 ಮೀಟರ್ ಆಗುತ್ತದೆ. ನಮ್ಮ 9 ಮೀಟರ್ ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಎರಡೂ ಬದಿ ಮನೆಗಳಿವೆ. ಸಂಹಿತೆ ಸಲಹೆ ರೂಪದ್ದು ಅಂತ ಎಂಜಿನಿಯರ್ ಸಾಹೇಬರು ಹೇಳಬಹುದು. ನಿಜ. ಆದರೆ ತಿಳಿದವರು ಕೂತು ಬರೆದ ಸಲಹೆ ಅದು.

ಅಗಲ ರಸ್ತೆ ಮಾಡಿದರೆ ಅಪಘಾತ ಕಡಿಮೆ ಅಂತಲೂ ಒಬ್ಬರು ಹೇಳಿದರು. ನೇರ ರಸ್ತೆ, ನುಣ್ಣನೆಯ ಕಾಂಕ್ರೀಟು, ಅಡ್ಡ ಏನೂ ಇಲ್ಲ ಅಂದರೆ ಗಾಡಿ ಓಡಿಸುವವರ ಕೈ ತಾನಾಗಿಯೇ ಆಕ್ಸಿಲರೇಟರ್ ತಿರುವುತ್ತದೆ. ಅದು ಯಾರ ದುಷ್ಟತನವೂ ಅಲ್ಲ. ನಾನೂ ಸ್ಕೂಟರ್ ಓಡಿಸುತ್ತೇನೆ, ನನಗೂ ಗೊತ್ತು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಎಂಟು ಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. ಮಗು ಅಡ್ಡ ಬಂದದ್ದು ಕಂಡು ಬ್ರೇಕ್ ಮೇಲೆ ಕಾಲು ಹೋಗಲು ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಗಾಡಿ ಪೂರ್ತಿ ನಿಲ್ಲಲು ಸುಮಾರು 13 ಮೀಟರ್ ಬೇಕು. ಅಂದರೆ ನಮ್ಮ ಬೀದಿಯ ಒಂದೂವರೆ ಸೈಟು. ವೇಗ 50 ಆದರೆ ಅದೇ ಒಂದು ಸೆಕೆಂಡಿನಲ್ಲಿ ಗಾಡಿ 14 ಮೀಟರ್ ಹೋಗಿಬಿಟ್ಟಿರುತ್ತದೆ. ಬ್ರೇಕ್ ಹಿಡಿಯುವುದು ಇನ್ನು ಶುರು. ನಿಲ್ಲುವಷ್ಟರಲ್ಲಿ ಮೂರು ಸೈಟು ದಾಟಿರುತ್ತದೆ. 30ರ ಗಾಡಿ ಮಗುವಿನ ಮುಂದೆ ನಿಂತ ಜಾಗದಲ್ಲಿ 50ರ ಗಾಡಿ ಪೂರ್ತಿ ವೇಗದಲ್ಲಿ ಮಗುವಿಗೆ ಹೊಡೆಯುತ್ತದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಹಲವು ದೇಶಗಳ ಮಂತ್ರಿಗಳು ಸೇರಿ, ಜನ ನಡೆಯುವ, ಸೈಕಲ್ ತುಳಿಯುವ ಬೀದಿಗಳಲ್ಲಿ ವೇಗ 30 ಮೀರಬಾರದು ಅಂತ ಘೋಷಣೆ ಮಾಡಿದ್ದು ಇದೇ ಕಾರಣಕ್ಕೆ.

ನಮ್ಮ ಬೀದಿಯಲ್ಲಿ ಸಂಜೆ ಐದರ ಮೇಲೆ ಬಂದು ನೋಡಿ. ಒಂದು ಕಡೆ ಲಗೋರಿ, ಇನ್ನೊಂದು ಕಡೆ ಶಟಲ್. ಸಣ್ಣ ಮಕ್ಕಳು ಮೂರು ಗಾಲಿಯ ಸೈಕಲ್ಲಿನಲ್ಲಿ ಸುತ್ತುತ್ತಿರುತ್ತಾರೆ. ಮಂಡಿ ನೋವಿನವರು ಪಾರ್ಕಿನವರೆಗೆ ಹೋಗಲಾಗದೆ ಇಲ್ಲೇ ಗೋಡೆಯವರೆಗೆ ಹೋಗಿ ಬರುತ್ತಾರೆ. ನಮ್ಮ ಅತ್ತೆ ಗೇಟಿನ ಹೊರಗೆ ಕುರ್ಚಿ ಹಾಕಿಸಿಕೊಂಡು ಹೊಂಗೆಯ ನೆರಳಲ್ಲಿ ಕೂರುತ್ತಾರೆ. ಬೀದಿಯವರ ಕಷ್ಟ ಸುಖ ಎಲ್ಲ ಅವರಿಗೆ ಅಲ್ಲೇ ಸಿಗುತ್ತದೆ. ಧನುರ್ಮಾಸದಲ್ಲಿ ಬೆಳಗಿನ ಜಾವ ರಂಗೋಲಿ ಹಾಕುವವರು ರಸ್ತೆಯ ಅರ್ಧಕ್ಕೆ ಬಂದು ಕೂತಿರುತ್ತಾರೆ. ಬೈಪಾಸಿಗೆ ಅಡ್ಡದಾರಿಯಾದ ರಸ್ತೆಯಲ್ಲಿ ಇದರಲ್ಲಿ ಯಾವುದೂ ಉಳಿಯುವುದಿಲ್ಲ. ಮಕ್ಕಳನ್ನು ಒಳಗೆ ಕೂರಿಸಿ ಫೋನ್ ಕೊಡುತ್ತೇವೆ. ಅತ್ತೆಯ ಕುರ್ಚಿ ವರಾಂಡಕ್ಕೆ ಹೋಗುತ್ತದೆ. ಇದನ್ನು ಎಸ್ಟಿಮೇಟಿನಲ್ಲಿ ಬರೆಯಲು ಒಂದು ಕಾಲಂ ಇಲ್ಲ ಅಂತ ನನಗೆ ಗೊತ್ತು. ಆದರೂ ಇದು ನಮ್ಮ ಬದುಕಿನ ದೊಡ್ಡ ಭಾಗ. ನಿಮ್ಮಲ್ಲಿ ಹೆಚ್ಚಿನವರು ಬೀದಿಯಲ್ಲಿ ಆಡಿಯೇ ಬೆಳೆದವರು.

ಹಂಪ್ ಹಾಕಿಸಿದರೆ ಆಯಿತಲ್ಲ ಅನ್ನುವ ಮಾತೂ ಬಂತು. ನಮ್ಮೂರಿನಲ್ಲಿ ಹಂಪ್ ಹೇಗೆ ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ಉಳಿದ ಡಾಂಬರನ್ನು ಅಡ್ಡಕ್ಕೆ ಸುರಿದು ದಿಂಡು ಮಾಡುತ್ತಾರೆ. ಬಸುರಿಯರು ಆಟೋದಲ್ಲಿ ಕೂತು ಅದನ್ನು ದಾಟುವಾಗ ಜೀವ ಕೈಯಲ್ಲಿ ಹಿಡಿದಿರುತ್ತಾರೆ. ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪಿಗೆ ಎತ್ತರ 10 ಸೆಂಟಿಮೀಟರ್, ವಾಹನ ಸಾಗುವ ದಿಕ್ಕಿನಲ್ಲಿ ಉದ್ದ 3.7 ಮೀಟರ್. ಗಂಟೆಗೆ 25 ಕಿಲೋಮೀಟರಿನಲ್ಲಿ ಆರಾಮಾಗಿ ದಾಟಬಹುದು. ಹಾಕುವುದಾದರೆ ಅಂಥದ್ದು ಹಾಕಿ. ಆದರೆ ಹಂಪ್ ಒಂದರಿಂದಲೇ ಅಡ್ಡದಾರಿ ನಿಲ್ಲುವುದಿಲ್ಲ.

ಹಾಗಾದರೆ ನಿಮಗೆ ಏನು ಬೇಕು ಅಂತ ನೀವು ಕೇಳುತ್ತೀರಿ. ಬೀದಿಯವರು ಮೂರು ಭಾನುವಾರ ಕೂತು, ಜಗಳವಾಡಿ, ಕೊನೆಗೆ ಒಪ್ಪಿದ್ದನ್ನು ಬರೆಯುತ್ತೇನೆ. ಜಗಳ ಜಾಸ್ತಿ ಆದದ್ದು ಕಾರು ನಿಲ್ಲಿಸುವ ಜಾಗದ ಬಗ್ಗೆ.

ಗೋಡೆಯನ್ನು ಜನರಿಗೆ ತೆರೆಯಿರಿ. ಎರಡು ಮೂರು ಮೀಟರ್ ಅಗಲದ ದಾರಿ ಬಿಡಿ. ನಡೆಯುವವರು, ಸೈಕಲ್ಲಿನವರು, ಗಾಲಿಕುರ್ಚಿಯವರು, ತಳ್ಳುಗಾಡಿಯವರು ಈ ಕಡೆಯಿಂದ ಆ ಕಡೆಗೆ ಆರಾಮಾಗಿ ಹೋಗಲಿ. ಶಾಲೆಯ ಮಕ್ಕಳಿಗೆ ಬೈಪಾಸಿನ ಸುತ್ತು ತಪ್ಪುತ್ತದೆ. ದಾರಿಯ ಮಧ್ಯೆ ತೆಗೆಯಲು ಬರುವ ಕಬ್ಬಿಣದ ಕಂಬ ನೆಟ್ಟು ಬೀಗ ಹಾಕಿ. ಬೀಗದ ಕೈ ಅಗ್ನಿಶಾಮಕ ಠಾಣೆಯಲ್ಲಿ ಒಂದು, ಪುರಸಭೆಯಲ್ಲಿ ಒಂದು, ಹತ್ತಿರದ ಮನೆಯಲ್ಲಿ ಒಂದು ಇರಲಿ. ಬೆಂಕಿ ಬಿದ್ದರೆ, ಆಂಬುಲೆನ್ಸ್ ಬೇಕಾದರೆ ಕಂಬ ತೆಗೆದರೆ ಆಯಿತು. ದ್ವಿಚಕ್ರ ವಾಹನದವರು ಸೈಕಲ್ ಹೋಗುವ ಜಾಗದಲ್ಲಿ ನುಸುಳಿಯೇ ನುಸುಳುತ್ತಾರೆ. ಅದನ್ನು ಪೂರ್ತಿ ತಡೆಯುವ ಉಪಾಯ ನಮಗೂ ಹೊಳೆಯಲಿಲ್ಲ. ಆ ಜಾಗದ ನೆಲವನ್ನು ಸ್ವಲ್ಪ ಎತ್ತರಿಸಿ ಒರಟು ಕಲ್ಲು ಹಾಸಿದರೆ ನಿಧಾನಕ್ಕಾದರೂ ಹೋಗುತ್ತಾರೆ.

ವಾಹನ ಓಡುವ ಕಾಂಕ್ರೀಟು 5.5 ಮೀಟರ್ ಸಾಕು. ಬಡಾವಣೆಯ ಒಳರಸ್ತೆಗೆ ಒಂದು ಲೇನಿಗೆ 3 ಮೀಟರ್ ನಡೆಯುತ್ತದೆ ಅಂತ ರಸ್ತೆ ಕಾಂಗ್ರೆಸ್ಸೇ ಹೇಳಿದೆ. ಎದುರು ಬದುರು ಎರಡು ಕಾರು 5.5 ಮೀಟರಿನಲ್ಲಿ ನಿಧಾನಕ್ಕೆ ದಾಟಿಕೊಳ್ಳುತ್ತವೆ. ನಿಧಾನಕ್ಕೆ ದಾಟಲಿ ಅನ್ನುವುದೇ ನಮ್ಮ ಆಸೆ. ಒಂದು ಬದಿಗೆ 1.8 ಮೀಟರ್ ಫುಟ್‌ಪಾತ್, ಸ್ಲ್ಯಾಬ್ ಮುಚ್ಚಿದ ಚರಂಡಿಯ ಮೇಲೆ. ಕರ್ಬ್ ಕಲ್ಲು 15 ಸೆಂಟಿಮೀಟರಿಗಿಂತ ಎತ್ತರ ಬೇಡ, ಮಂಡಿ ನೋವಿನವರು ಹತ್ತಲಿ. ಇನ್ನೊಂದು ಬದಿಯ 1.7 ಮೀಟರಿನಲ್ಲಿ ಹೊಂಗೆ ಮರಗಳು ಇರುವಲ್ಲೇ ಇರಲಿ. ಮರದಿಂದ ಮರಕ್ಕೆ ಮಧ್ಯದ ಜಾಗದಲ್ಲಿ ಮಣ್ಣು ಬಿಟ್ಟು, ನೀರು ಇಂಗುವ ಹಾಗೆ ತಗ್ಗು ಮಾಡಿ. ಕೂಡಿಸಿ ನೋಡಿ, ಸರಿಯಾಗಿ 9 ಮೀಟರ್ ಆಗುತ್ತದೆ. ಮರ ಕಡಿಯಬೇಕಾದರೆ ಹೇಗೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿಗೆ ಓಡಾಡಬೇಕು. ಹನ್ನೊಂದು ಮರಕ್ಕೆ ಆ ಓಡಾಟ ಯಾಕೆ?

ಹೀಗೆ ಮಾಡಿದರೆ 490 ಚದರ ಮೀಟರ್ ಕಾಂಕ್ರೀಟು ಉಳಿಯುತ್ತದೆ. 15 ಸೆಂಟಿಮೀಟರ್ ದಪ್ಪ ಅಂತ ಹಿಡಿದರೆ ಸುಮಾರು 73 ಘನ ಮೀಟರ್. ಆ ದುಡ್ಡನ್ನು ಚರಂಡಿಗೆ ಹಾಕಿ.

ರಸ್ತೆಯ ಕೊನೆಯ 9 ಮೀಟರ್ ಜಾಗದಲ್ಲಿ ಯಾರ ಕಾರೂ ನಿಲ್ಲಬಾರದು. ಮುಚ್ಚಿದ ರಸ್ತೆಯಲ್ಲಿ ಗಾಡಿ ತಿರುಗಿಸಲು ಕನಿಷ್ಠ 81 ಚದರ ಮೀಟರ್ ಬೇಕು, ಯಾವ ಕಡೆಯೂ 9 ಮೀಟರಿಗಿಂತ ಕಡಿಮೆ ಇರಬಾರದು ಅಂತ ಸಂಹಿತೆಯಲ್ಲಿದೆ. ನಮ್ಮ ರಸ್ತೆಯ ಅಗಲವೇ 9 ಮೀಟರ್. ಕೊನೆಯ ಭಾಗವನ್ನು ಸಮತಟ್ಟಾಗಿ ಬಿಟ್ಟು ಖಾಲಿ ಇಟ್ಟರೆ ಆ ಜಾಗ ಅಲ್ಲೇ ಸಿದ್ಧ ಇದೆ. ಕಸದ ಆಟೋದವರು ಈಗ 140 ಮೀಟರ್ ಹಿಂದಕ್ಕೆ ಹೋಗುತ್ತಾರೆ. ಅವರಿಗೂ ಅನುಕೂಲ.

ಇಲ್ಲಿ ನಮ್ಮ ತಪ್ಪನ್ನೂ ಹೇಳಲೇಬೇಕು. ನಾವು ಮನೆ ಕಟ್ಟುವಾಗ ಕಾರು ಹತ್ತಿಸುವ ಇಳಿಜಾರನ್ನು ರಸ್ತೆಯ ಜಾಗಕ್ಕೆ ಚಾಚಿದ್ದೇವೆ. ಕೆಲವರು ಗ್ರಿಲ್ ಹಾಕಿ ಗಿಡ ಬೆಳೆಸಿದ್ದಾರೆ. ಚರಂಡಿಯ ಮೇಲೆ ಚಪ್ಪಡಿ ಹಾಕಿ ಬಟ್ಟೆ ಒಗೆಯುವ ಕಲ್ಲು ಇಟ್ಟವರೂ ಇದ್ದಾರೆ. ಇದರಿಂದ ನಿಮ್ಮ ಪೌರಕಾರ್ಮಿಕರು ಚರಂಡಿ ಬಿಡಿಸಲು ಆಗದೆ ಕಷ್ಟಪಟ್ಟಿದ್ದನ್ನು ನಾನೇ ನೋಡಿದ್ದೇನೆ. ಕಳೆದ ಭಾನುವಾರದ ಸಭೆಯಲ್ಲಿ ಮನೆ ಕಟ್ಟಿರುವ 26 ಜನರೂ ಸಹಿ ಮಾಡಿದ್ದೇವೆ. ರಸ್ತೆಯ ಕೆಲಸ ಶುರುವಾಗುವ ದಿನ ಗೊತ್ತಾದರೆ ಅದಕ್ಕೆ ಮೊದಲೇ ನಮ್ಮ ಖರ್ಚಿನಲ್ಲಿ ಎಲ್ಲ ತೆಗೆಯುತ್ತೇವೆ. ನಮ್ಮ ಮನೆಯ ಇಳಿಜಾರನ್ನು ಈಗಾಗಲೇ ಒಡೆಸಿದ್ದೇನೆ.

ಇನ್ನೆರಡು ವಿಷಯ, ಬೇಗ ಮುಗಿಸುತ್ತೇನೆ. ಕಾಂಕ್ರೀಟಿಗೆ ಮೊದಲು ನೆಲದ ಕೆಳಗಿನ ಕೆಲಸ ಎಲ್ಲ ಮುಗಿಯಲಿ. ಯುಜಿಡಿ (ಒಳಚರಂಡಿ) ಪೈಪು, ನೀರಿನ ಪೈಪು, ಕೇಬಲ್ ಎಲ್ಲ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಅನ್ನುವ ಯೋಜನೆಯ ರಸ್ತೆಗಳಲ್ಲಿ ಹೀಗೆಯೇ ಮಾಡಿದರು. ಮತ್ತೆ ಮತ್ತೆ ಅಗೆಯಬಾರದು ಅಂತ ಪೈಪು, ಕೇಬಲ್ಲುಗಳಿಗೆ ಮೊದಲೇ ಜಾಗ ಮಾಡಿಟ್ಟರು. ಅಲ್ಲಿನಷ್ಟು ದುಡ್ಡು ನಮ್ಮ ಪುರಸಭೆಗೆ ಇಲ್ಲ. ಆದರೆ ಮೊದಲು ಪೈಪು, ಆಮೇಲೆ ರಸ್ತೆ ಅನ್ನುವುದಕ್ಕೆ ಜಾಸ್ತಿ ದುಡ್ಡು ಬೇಡ. ಹೊಸ ಸಿಸಿ ರಸ್ತೆಯನ್ನು ಆರು ತಿಂಗಳಲ್ಲಿ ಕಟರ್ ಹಾಕಿ ಕೊಯ್ದು, ಮೇಲೆ ಸುಮ್ನೆ ಮಣ್ಣು ಎಳೆದು ಹೋದದ್ದನ್ನು ಈ ಊರಿನ ಎಲ್ಲರೂ ನೋಡಿದ್ದಾರೆ.

ಇನ್ನೊಂದು, ಹೊಸ ಬಡಾವಣೆಯ ಚರಂಡಿ. ಅದಕ್ಕೆ ಪೂರ್ತಿ ಒಪ್ಪಿಗೆ ಕೊಡುವ ಮುಂಚೆ ಅವರ ಮಳೆ ನೀರು ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆಯಲ್ಲಿ ಬರೆಸಿಕೊಳ್ಳಿ. ಹೊಲದ ಬದುವಿನಲ್ಲಿದ್ದ ಹಳೇ ಕಾಲುವೆಯನ್ನು ಗುರುತಿಸಿ, ಅದೇ ದಾರಿಯಲ್ಲಿ ಪೈಪು ಅಥವಾ ಬಾಕ್ಸ್ ಚರಂಡಿ ಹಾಕಿಸಿದರೆ ನಮ್ಮ ನೀರೂ ಅವರ ನೀರೂ ಮೊದಲಿನ ಹಾಗೆ ಕೆರೆಗೇ ಹೋಗುತ್ತದೆ. ಎರಡು ಮಳೆಗಾಲದಿಂದ ಅದೇ ಕೆರೆಯಲ್ಲಿ ನೀರು ಸರಿಯಾಗಿ ನಿಂತಿಲ್ಲ. ನಮ್ಮ ಗೇಟಿನ ಮುಂದೆ ನಿಂತ ನೀರು ಅಲ್ಲಿಗೆ ಹೋಗಬೇಕಾಗಿದ್ದದ್ದು.

ಅಧ್ಯಕ್ಷರೇ, ಮುಂದಿನ ಸಭೆಗೆ ಮೊದಲು ಒಂದು ಸಂಜೆ ನೀವೂ, ನಮ್ಮ ವಾರ್ಡಿನ ಸದಸ್ಯರೂ, ಎಂಜಿನಿಯರೂ ನಮ್ಮ ಬೀದಿಗೆ ಬನ್ನಿ. ಗೋಡೆಯಾಚೆಯ ಬಡಾವಣೆಯ ನಾಲ್ಕು ಜನರನ್ನೂ ನಾವು ಕರೆಯುತ್ತೇವೆ. ಅವರಲ್ಲಿ ಇಬ್ಬರ ಜೊತೆ ಆಗಲೇ ಮಾತಾಡಿದ್ದೇನೆ. ತಮ್ಮ ಮಕ್ಕಳೂ ಇದೇ ಬೀದಿಯಲ್ಲಿ ನಡೆದು ಶಾಲೆಗೆ ಹೋಗುವವರು, ಇಲ್ಲಿ ಲಾರಿ ನುಗ್ಗುವುದು ತಮಗೂ ಬೇಡ ಅಂದರು. ಕಾಫಿ ನಮ್ಮ ಮನೆಯಲ್ಲಿ. ಬರುವಾಗ ಲೆವೆಲ್ ನೋಡುವ ಮಷಿನ್ ಮರೆಯದೆ ತನ್ನಿ. ನಮ್ಮ ಗೇಟಿನ ಎಡಗಡೆ, ಡಾಂಬರಿನ ಪಕ್ಕದಲ್ಲಿ ಸ್ವಲ್ಪ ಅಗೆದು ಇಟ್ಟಿದ್ದೇವೆ. ಹಳೇ ಕೆಳಗಿನ ಮೆಟ್ಟಿಲಿನ ಅಂಚು ಅಲ್ಲಿ ಕಾಣುತ್ತದೆ. ಅಳತೆಯನ್ನು ಅಲ್ಲಿಂದ ಶುರು ಮಾಡಬಹುದು.

ಇಂತಿ ನಮಸ್ಕಾರಗಳೊಂದಿಗೆ,
ಗೋಡೆಯ ಹತ್ತಿರದ ನಾಲ್ಕು ಮನೆಗಳಲ್ಲಿ ಒಂದರ ನಿವಾಸಿ